ರಜೆ ಹಾಕಿ ಮತಗಟ್ಟೆ ಏಜೆಂಟರಾಗಿ ಕೂರುವ ಕುರಿತು

ಮಾನ್ಯರೇ, ಚಿಂತಾಮಣಿಯ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರಾಗಿರುವ ತಾವು, ವಿಧಾನಸಭೆಗೆ ಸ್ಪರ್ಧಿಸಲಿರುವ ಭಾವನವರ ಪರವಾಗಿ ರಜೆ ಹಾಕಿ ಮತಗಟ್ಟೆ ಏಜೆಂಟರಾಗಿ ಕೂರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೂರಬೇಡಿ. ರಜೆಯಲ್ಲಿದ್ದರೂ ತಾವು ಸರ್ಕಾರಿ ನೌಕರರೇ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಎ ಪ್ರಕರಣದಂತೆ, ನೌಕರರು ಅಭ್ಯರ್ಥಿಯ ಚುನಾವಣಾ, ಮತಗಟ್ಟೆ ಅಥವಾ ಎಣಿಕೆ ಏಜೆಂಟರಾಗಿ ಕೆಲಸ ಮಾಡಿದರೆ ಮೂರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲಾಖಾ ವಿಚಾರಣೆ ಬೇರೆ. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳ 5ನೇ ನಿಯಮವು ಪಕ್ಷದ ಸದಸ್ಯತ್ವವನ್ನೂ ಚುನಾವಣಾ ಪ್ರಚಾರವನ್ನೂ ನಿಷೇಧಿಸುತ್ತದೆ. ಬೈಕಿನ ಮೇಲೆ ಚುನಾವಣಾ ಚಿಹ್ನೆಯ ಸ್ಟಿಕ್ಕರ್ ಅಂಟಿಸಿಕೊಂಡು ಕಚೇರಿಗೆ ಬರುವುದೂ ತಪ್ಪೇ. ಮತ ಹಾಕುವ ಹಕ್ಕು ತಮಗೆ ಪೂರ್ಣವಾಗಿದೆ, ಆದರೆ ಯಾರಿಗೆ ಹಾಕಿದಿರೆಂದು ಹೇಳುವಂತಿಲ್ಲ. ಈ ಕಟ್ಟುಪಾಡು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ: ಅರ್ಜಿ ಹಿಡಿದು ತಮ್ಮ ಮೇಜಿನ ಮುಂದೆ ನಿಲ್ಲುವ ರೈತ, ತಾನು ಯಾವ ಪಕ್ಷದವನೆಂದು ಅಳುಕಬೇಕಾದ ಸ್ಥಿತಿ ಬರಬಾರದು.