ಸುನಾಮಿ ಬಂದ ದಿನ ನೀನು ಎಲ್ಲಿದ್ದೆ?

ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ ಅಂದರೆ ಎಲ್ಲರೂ ಮೊದಲು ಊಹಿಸುವುದು ಆಸ್ತಿ. ನಾನೂ ಹಾಗೇ ಊಹಿಸಿದೆ. ಆಪ್ತಸಮಾಲೋಚನೆಗೆ ಅಂತ ನನ್ನ ಬಳಿ ಬಂದಿದ್ದ ಗಿರಿಜಮ್ಮ ತಲೆ ಅಲ್ಲಾಡಿಸಿದರು. "ಇಲ್ಲ ಮೇಡಂ. ಸುನಾಮಿ ವಿಷಯಕ್ಕೆ" ಅಂದರು.

ಹೆಸರು ಬದಲಿಸಿದ್ದೇನೆ. ಗುರುತು ಸಿಗುವ ಸಂಗತಿಗಳನ್ನೂ ಬದಲಿಸಿದ್ದೇನೆ. ವಯಸ್ಸು ಐವತ್ತರ ಆಸುಪಾಸು. ಮನೆ ದಾವಣಗೆರೆಯ ನಿಟುವಳ್ಳಿ ಕಡೆ, ಅಣ್ಣ ಇರುವುದು ಹಳೇ ಪೇಟೆಯಲ್ಲಿ. ಅವರ ಅವ್ವ ತೀರಿಕೊಂಡಿದ್ದು 2004ರ ಡಿಸೆಂಬರ್ 26, ಭಾನುವಾರ ಸಂಜೆ, ಊರಿನ ಒಂದು ಆಸ್ಪತ್ರೆಯಲ್ಲಿ.

ಆ ದಿನ ಬೆಳಿಗ್ಗೆ ನಮ್ಮ ಸಮಯ 6.29ಕ್ಕೆ ಸುಮಾತ್ರಾ ಬಳಿ ಸಮುದ್ರದಡಿ ಭೂಮಿ ಕಂಪಿಸಿತು. ಸುಮಾರು ಎರಡು ಗಂಟೆ ಕಳೆದ ಮೇಲೆ ಅಲೆಗಳು ತಮಿಳುನಾಡಿನ ತೀರಕ್ಕೆ ಬಂದವು. ಭಾರತದಲ್ಲೇ 10,000ಕ್ಕೂ ಹೆಚ್ಚು ಜನ ಹೋದರು. ನಾಗಪಟ್ಟಣಂ ಜಿಲ್ಲೆಗೆ ಬಿದ್ದಷ್ಟು ಪೆಟ್ಟು ತಮಿಳುನಾಡಿನಲ್ಲಿ ಇನ್ನೊಂದು ಜಿಲ್ಲೆಗೆ ಬೀಳಲಿಲ್ಲ. ಸುನಾಮಿ ಅನ್ನುವ ಪದವನ್ನು ನಮ್ಮ ಕಡೆ ಬಹಳ ಜನ ಮೊದಲ ಸಲ ಕೇಳಿದ್ದು ಅವತ್ತೇ.

ಗಿರಿಜಮ್ಮನ ನೆನಪಿನಲ್ಲಿ ಆ ಬೆಳಿಗ್ಗೆ ಹೀಗಿದೆ. ಆಸ್ಪತ್ರೆಯ ವರಾಂಡ. ಗೋಡೆಗೆ ಎತ್ತರದಲ್ಲಿ ಕೂರಿಸಿದ ಟಿವಿ. ಕೈಯಲ್ಲಿ ಬಿಸಿ ಚಹಾದ ಗ್ಲಾಸು. ಟಿವಿಯಲ್ಲಿ ಮರಳ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿರುವ ಒಬ್ಬ ಹೆಂಗಸು. ಒಳಗೆ ಅವ್ವ. "ಕೊನೇ ದಿನ ನಾನು ಅವ್ವನ ಹತ್ರ ಇದ್ದೆ" ಅನ್ನುವುದಕ್ಕೆ ಈ ಚಿತ್ರವೇ ಅವರ ಸಾಕ್ಷಿ. ಇಪ್ಪತ್ತು ವರ್ಷ ಅದನ್ನು ಎದೆಗೆ ಒತ್ತಿಕೊಂಡು ಬದುಕಿದ್ದಾರೆ.

2024ರ ಡಿಸೆಂಬರ್‌ನಲ್ಲಿ ಸುನಾಮಿಗೆ 20 ವರ್ಷವಾಯಿತು ಅಂತ ಟಿವಿಯಲ್ಲಿ ಹಳೆಯ ದೃಶ್ಯ ತೋರಿಸಿದರು. ಗಿರಿಜಮ್ಮ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಎಂದಿನಂತೆ ವರಾಂಡದ ಕಥೆ ಶುರು ಮಾಡಿದರು. ಅಣ್ಣ ತುತ್ತು ಕೆಳಗಿಟ್ಟು, "ನೀನೆಲ್ಲಿದ್ದೆ ಅಲ್ಲಿ? ಅವತ್ತು ಬೆಳಿಗ್ಗೆ ಆಸ್ಪತ್ರೇಲಿ ನಾನೊಬ್ಬನೇ ಇದ್ದೆ" ಅಂದರಂತೆ. ಅತ್ತಿಗೆಯೂ ಸೇರಿಸಿದರು. ಅವತ್ತು ಹೊಸ್ತಿಲ ಹುಣ್ಣಿಮೆ, ನೀವು ಮನೇಲಿ ಹೋಳಿಗೆಗೆ ಬೇಳೆ ಬೇಯಿಸ್ತಿದ್ರಿ, ನಾವೆಲ್ಲ ಟಿವಿ ನೋಡಿದ್ದು ಈ ಮನೇಲೇ, ಅಂತ. ಊಟ ಅಲ್ಲಿಗೇ ನಿಂತಿತು. ಆಮೇಲೆ ಗಿರಿಜಮ್ಮನಿಗೆ ನಿದ್ದೆ ಇಲ್ಲ.

ಅವರು ನನ್ನಿಂದ ಕೇಳಿದ್ದು ಒಂದೇ ಮಾತು. ಯಾರು ಹೇಳುತ್ತಿರುವುದು ನಿಜ?

ಇಲ್ಲಿ ನಾನು ತಪ್ಪು ಮಾಡಿದೆ. ಎರಡನೇ ಭೇಟಿಯಲ್ಲೇ ಅಧ್ಯಯನದ ಮಾತು ತೆಗೆದೆ. ಇಂಥ ನೆನಪಿಗೆ ಮನಶ್ಶಾಸ್ತ್ರದಲ್ಲಿ ಫ್ಲ್ಯಾಶ್‌ಬಲ್ಬ್ ನೆನಪು ಅನ್ನುತ್ತಾರೆ. ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ 1977ರಲ್ಲಿ ಇಟ್ಟ ಹೆಸರು. ದೊಡ್ಡ ಸುದ್ದಿ ಕೇಳಿದ ಗಳಿಗೆ ಫೋಟೋ ಹೊಡೆದ ಹಾಗೆ ಉಳಿಯುತ್ತದೆ ಅಂತ ಆಗ ಅಂದುಕೊಂಡಿದ್ದರು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದು ಏಳು ಮಂದಿ ಸತ್ತರು. ಮರುದಿನವೇ ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು? ಎರಡೂವರೆ ವರ್ಷದ ಮೇಲೆ ಅವರೂ ನಿಕೋಲ್ ಹಾರ್ಷ್ ಅವರೂ ಅದನ್ನೇ ಮತ್ತೆ ಕೇಳಿದರು. ಬಹಳ ಜನರ ಉತ್ತರ ಬದಲಾಗಿತ್ತು. ಬೇರೆಯವರ ಬಾಯಿಂದ ಕೇಳಿದ್ದೆ ಅಂತ ಬರೆದಿದ್ದವರಲ್ಲಿ ಹಲವರು ಈಗ ಟಿವಿಯಲ್ಲಿ ನೋಡಿದೆ ಅಂದರು. ಅವರದೇ ಕೈಬರಹ ತೋರಿಸಿದರೂ ಹೊಸ ನೆನಪನ್ನು ಬಿಟ್ಟುಕೊಡಲಿಲ್ಲ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೆನಪಿನ ಮೇಲಿನ ಭರವಸೆ ಬೇರೆ, ನೆನಪಿನ ಸರಿತನ ಬೇರೆ.

ಇಷ್ಟು ಹೇಳಿ ಮುಗಿಸಿದೆ. ಗಿರಿಜಮ್ಮ ಬ್ಯಾಗು ಎತ್ತಿಕೊಂಡರು. "ಹಂಗಾದ್ರೆ ನಾನು ಸುಳ್ಳಿ ಅಂದಂಗಾತು, ಅಲ್ವಾ ಮೇಡಂ?"

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅಮೆರಿಕದ ವಿದ್ಯಾರ್ಥಿಗಳಿಗೆ ಕಳೆದುಕೊಳ್ಳಲು ಏನಿತ್ತು? ಒಂದು ಉತ್ತರಪತ್ರಿಕೆ. ಇವರಿಗೆ ಅವ್ವನ ಕೊನೆಯ ದಿನವೇ ಹೋಗುತ್ತಿತ್ತು. ಅದನ್ನು ನೋಡದೆ ಪಾಠ ಒಪ್ಪಿಸಿಬಿಟ್ಟಿದ್ದೆ.

ಪುಣ್ಯಕ್ಕೆ ಮೂರನೇ ಸಲವೂ ಬಂದರು. ನಾನು ಮೊದಲು ಕ್ಷಮೆ ಕೇಳಿದೆ. ಆಮೇಲೆ ಸರಿ ತಪ್ಪಿನ ಗೊಡವೆಗೇ ಹೋಗಲಿಲ್ಲ. "ಆ ವರಾಂಡಕ್ಕೆ ನನ್ನನ್ನೂ ಕರಕೊಂಡು ಹೋಗಿ" ಅಂದೆ.

ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದರು. ಟಿವಿ ಎಡಗಡೆ. ಚಹಾ ಸುಡುತ್ತಿತ್ತು, ಗ್ಲಾಸನ್ನು ಸೆರಗಿನಲ್ಲಿ ಹಿಡಿದಿದ್ದೆ. ಟಿವಿಯ ಆ ಹೆಂಗಸಿನ ಸೀರೆ ಒದ್ದೆ, ಕೂದಲು ಬಿಚ್ಚಿಹೋಗಿತ್ತು.

"ಅವ್ವನ ರೂಮಿನ ಬಾಗಿಲು ಯಾವ ಕಡೆ?"

ಉತ್ತರ ಬರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಹೊರಗೆ ಆಟೋ ಒಂದು ಸ್ಟಾರ್ಟ್ ಆಗದೆ ಗೊರಗುಡುತ್ತಿತ್ತು. ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬಾರದು ಅನ್ನಿಸಿತು.

"ಮೇಡಂ" ಅಂದರು, ಕಣ್ಣು ತೆರೆಯದೆ. "ಅದರಲ್ಲಿ ಅವ್ವ ಇಲ್ಲ."

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅವ್ವ ಹೋದಾಗ ನಾನು ಅಳಲಿಲ್ಲ. ಬಂದವರಿಗೆ ಜಾಗ ಮಾಡು, ನೀರು ಕೊಡು, ಅವರಿಗೆ ಫೋನ್ ಮಾಡು, ಇವರಿಗೆ ಫೋನ್ ಮಾಡು. ಅದರಲ್ಲೇ ಮಣ್ಣು ಮಾಡಿ ಬಂದ್ವಿ. ವಾರದ ಮೇಲೆ ಟಿವಿಯಲ್ಲಿ ಮತ್ತೆ ಆ ಹೆಂಗಸನ್ನ ತೋರಿಸಿದ್ರು. ಆಗ ಅತ್ತೆ. ನಾನು ಸಮುದ್ರವನ್ನೇ ನೋಡಿಲ್ಲ. ಯಾರೋ ಏನೋ, ಅವಳ ಜೊತೆ ಕೂತು ಅತ್ತೆ." ಆಮೇಲೆ ನನ್ನ ಮುಂದೆಯೂ ಅತ್ತರು. ಆ ದಿನ ಇನ್ನೇನೂ ಮಾತಾಡಲಿಲ್ಲ.

ನಾಲ್ಕನೇ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಇದು. ಅಣ್ಣನ ಮನೆಗೆ ಹೋಗಿ. ನಾನು ಇದ್ದೆನೋ ಇಲ್ಲವೋ ಅಂತ ಕೇಳಬೇಡಿ. "ಅಣ್ಣ, ಅವತ್ತು ಅವ್ವ ಹೆಂಗಿದ್ಲು ಹೇಳು" ಅಂತ ಕೇಳಿ. ಅವರು ಹೇಳುವಾಗ ನಡುವೆ ತಿದ್ದಬೇಡಿ. ನಿಮ್ಮ ವರಾಂಡವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ಅದು ನಿಮ್ಮ ಬಳಿಯೇ ಇರಲಿ. ಅಣ್ಣನ ನೆನಪೂ ಇಪ್ಪತ್ತು ವರ್ಷ ಹಳೆಯದು, ಅದರಲ್ಲೂ ತೂತು ಇರುತ್ತವೆ. ಆದರೆ ನಿಮ್ಮ ಚಿತ್ರದಲ್ಲಿ ಇಲ್ಲದ ಅವ್ವ ಅವರ ಚಿತ್ರದಲ್ಲಿ ಇರಬಹುದು.

ಈ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಆಸ್ಪತ್ರೆಯ ಹಳೆಯ ದಾಖಲೆ ಹುಡುಕಿಸಬಹುದಿತ್ತು, ಅಕ್ಕಪಕ್ಕದವರನ್ನು ವಿಚಾರಿಸಬಹುದಿತ್ತು, ನೀವು ಸತ್ಯದಿಂದ ಜಾರಿಕೊಂಡಿರಿ ಅಂದರು. ನಾನು ಜಾರಿಕೊಂಡಿಲ್ಲ. ವಿಲ್ಲು, ಪೊಲೀಸ್ ಕೇಸು, ಸಾಲದ ಮಾತು ಆಗಿದ್ದರೆ ದಾಖಲೆಯನ್ನೇ ನೋಡಿ ಅಂತ ನಾನೇ ಹೇಳುತ್ತಿದ್ದೆ. ಇಲ್ಲಿ ದಾಖಲೆ ಸಿಕ್ಕರೆ ಆಗುವುದಿಷ್ಟೇ: ಇಬ್ಬರಲ್ಲಿ ಒಬ್ಬರು ಅವ್ವನನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಾರೆ. ಗೆದ್ದವರಿಗೂ ಅವ್ವನ ಮುಖ ಸಿಗುವುದಿಲ್ಲ. ದೂರದ ದುಃಖಕ್ಕೆ ಅತ್ತಿದ್ದು ಕಲ್ಲುಮನಸ್ಸಿನ ಲಕ್ಷಣವೂ ಅಲ್ಲ. ಮನೆಯಲ್ಲಿ ಅಳಲು ಪುರುಸೊತ್ತು ಸಿಗದ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ.

ಇದನ್ನು ಬರೆಯಲು ಕಾರಣವೂ ಅದೇ. ಇಂಥ ಜಗಳ ನನ್ನ ಬಳಿ ಮತ್ತೆ ಮತ್ತೆ ಬರುತ್ತದೆ. ಒಬ್ಬರಿಗೆ ಅದು 2001ರ ಗಣರಾಜ್ಯೋತ್ಸವದ ಬೆಳಿಗ್ಗೆಯ ಭುಜ್ ಭೂಕಂಪ. ಇನ್ನೊಬ್ಬರಿಗೆ 2003ರ ಫೆಬ್ರವರಿ 1ರ ಸಂಜೆ, ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಚೂರಾದ ಸುದ್ದಿ. ಊರಿಗೆಲ್ಲ ಗೊತ್ತಿರುವ ತಾರೀಖಿಗೆ ಮನೆಯ ನೋವನ್ನು ಗಂಟು ಹಾಕಿರುತ್ತೇವೆ. ತಾರೀಖು ಗಟ್ಟಿ ಇದೆ ಅಂತ ಗಂಟಿನಲ್ಲಿರುವುದೂ ಗಟ್ಟಿ ಅಂದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲಿ ಇಂಥ ಮಾತು ಬಂದಾಗ "ನಿನಗೆ ನೆನಪಿಲ್ಲ ಸುಮ್ನಿರು" ಅನ್ನಬೇಡಿ. "ನನಗೆ ಬೇರೆ ಥರ ನೆನಪಿದೆ" ಅನ್ನಿ. ಮಕ್ಕಳಿಗೆ ಉಳಿಯಬೇಕು ಅನ್ನುವ ದಿನವಾದರೆ ಅವತ್ತೇ ಎರಡು ಸಾಲು ಬರೆದಿಡಿ. ನಿದ್ದೆ ವಾರಗಟ್ಟಲೆ ಬಾರದೆ ಹೋದರೆ ವೈದ್ಯರ ಬಳಿ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗಿರಿಜಮ್ಮ ತಿಂಗಳಾದ ಮೇಲೆ ಫೋನ್ ಮಾಡಿದರು. ಅಣ್ಣ ಎರಡು ಗಂಟೆ ಮಾತಾಡಿದರಂತೆ. ಅವತ್ತು ಆಸ್ಪತ್ರೆಯಲ್ಲಿ ಟಿವಿ ಇತ್ತೋ ಇಲ್ಲವೋ ಅಣ್ಣನಿಗೆ ನೆನಪೇ ಇಲ್ಲ.

"ಆದ್ರೆ ಒಂದು ಹೇಳಿದ ಮೇಡಂ. ಚಳಿ ಜಾಸ್ತಿ ಇತ್ತಂತೆ. ಅವ್ವ ಸ್ವೆಟರ್ ಬಿಚ್ಚೋಕೆ ಬಿಡಲಿಲ್ಲಂತೆ. ಕೆಂಪು ಸ್ವೆಟರ್. ಅದು ನಂದು. ಶನಿವಾರ ರಾತ್ರಿ ಹೊರಡುವಾಗ ನಾನೇ ಹಾಕಿ ಬಂದಿದ್ದಂತೆ."