ಕಾಮಣಿ ಒಂದೇ, ವೈರಸ್ ಬೇರೆ ಬೇರೆ

ಪ್ರಶ್ನೆ: ಕಳೆದ ತಿಂಗಳು ತಮ್ಮನಿಗೆ ಕಾಮಣಿ ಆಗಿತ್ತು, ಹೆಪಟೈಟಿಸ್ ಎ ಅಂದರು. ಈಗ ಬಸುರಿ ವೈನಿಗೆ ಹೆಪಟೈಟಿಸ್ ಬಿ ಇದೆಯಂತೆ. ತಮ್ಮನಿಂದಲೇ ಬಂತೆಂದು ಅವ್ವ ಆಕೆಯ ತಾಟು, ಲೋಟ ಬೇರೆ ಇಟ್ಟಿದ್ದಾಳೆ. ಇದು ಸರಿಯಾ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಆ ತಾಟು ಒಳಗೆ ತನ್ನಿ. ಎ ಇದ್ದವರಿಂದ ಬಿ ಬರುವುದಿಲ್ಲ. ಕಾಮಣಿ ಎನ್ನುವುದು ಲಿವರ್‌ಗೆ ಏನೋ ತೊಂದರೆ ಆಗಿದೆ ಎಂಬ ಗುರುತು ಅಷ್ಟೇ. ಹೆಪಟೈಟಿಸ್ ಅಂದರೆ ಲಿವರ್‌ನ ಉರಿಯೂತ; ಎ, ಬಿ, ಸಿ, ಡಿ, ಇ ಅದನ್ನು ತರುವ ಬೇರೆ ಬೇರೆ ವೈರಸ್‌ಗಳು.

ಎ ಮತ್ತು ಇ ಹೊಲಸು ನೀರು, ಊಟದಿಂದ ಬರುತ್ತವೆ. ಕುಡಿಯುವ ನೀರಿಗೆ ಚರಂಡಿ ನೀರು ಸೇರಿದರೆ ಓಣಿಗೆ ಓಣಿಯೇ ಮಲಗುತ್ತದೆ. ಸಾಮಾನ್ಯವಾಗಿ ತಾವೇ ವಾಸಿಯಾಗುತ್ತವೆ (ಸೊಪ್ಪಿನ ರಸಕ್ಕೆ ಇಳಿಯಿತು ಅನ್ನುತ್ತಾರಲ್ಲ, ಅದೂ ಹೀಗೇ ಇಳಿದದ್ದು), ಆದರೆ ಇ ಗರ್ಭಿಣಿಯರಿಗೆ ಅಪಾಯ, ಕೊನೆಯ ಮೂರು ತಿಂಗಳಲ್ಲಂತೂ ಜಾಸ್ತಿ, ಹಾಗಾಗಿ ವೈನಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ.

ಬಿ, ಸಿ ಹರಡುವುದು ರಕ್ತದಿಂದ: ಬಳಸಿದ ಸೂಜಿ, ಬ್ಲೇಡು, ಜಾತ್ರೆಯಲ್ಲಿ ಎಲ್ಲರಿಗೂ ಒಂದೇ ಸೂಜಿಯಲ್ಲಿ ಹಾಕುವ ಹಚ್ಚೆ. ಬಿ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತದೆ. ಒಟ್ಟಿಗೆ ಉಂಡರೆ ದಾಟುವುದಿಲ್ಲ. ಡಿ? ಬಿ ಇಲ್ಲದೆ ಅದು ಬರುವುದೇ ಇಲ್ಲ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮಗುವಿಗೆ 24 ಗಂಟೆಯೊಳಗೆ ಬಿ ಲಸಿಕೆ, ಜೊತೆಗೆ ಇಮ್ಯುನೋಗ್ಲೋಬುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ಬೇಕು, ಈಗಲೇ ಡಾಕ್ಟರಿಗೆ ಹೇಳಿಡಿ. ಅಣ್ಣನೂ ಪರೀಕ್ಷೆ ಮಾಡಿಸಲಿ. ವೈರಸ್ ಇಲ್ಲದಿದ್ದರೆ ಲಸಿಕೆ ಹಾಕಿಸಿಕೊಳ್ಳಲಿ. ಸಿ ವೈರಸ್‌ಗೆ ಲಸಿಕೆ ಇಲ್ಲ, ಆದರೆ ಸುಮಾರು 12 ವಾರದ ಮಾತ್ರೆಗೆ ಬಹುತೇಕರು ಗುಣವಾಗುತ್ತಾರೆ. ಬಿ ಹಾಗಲ್ಲ, ವರ್ಷಗಟ್ಟಲೆ ತಪಾಸಣೆ ಬೇಕಾಗಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.