ಮನೆಯ ಧ್ವನಿಸಂಗ್ರಹಕ್ಕೆ ವಿಮೆ ಮತ್ತು ರಕ್ಷಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಮಾಟುಂಗದ ಹಳೆಯ ಕಟ್ಟಡವೊಂದರ ಗ್ರೌಂಡ್ ಫ್ಲೋರಿನಲ್ಲಿ ನಮ್ಮ ಸ್ವಂತ ಮನೆಯಿದೆ. ತಂದೆಯವರು ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು, ಎಲ್‌ಪಿಗಳು, ನಾನೂರರಷ್ಟು ಕ್ಯಾಸೆಟ್‌ಗಳು, ನಾನು ಕೊಂಡ ಸಿ.ಡಿ., ಡಿ.ವಿ.ಡಿ.ಗಳು ಒಂದು ಕೋಣೆಯನ್ನೇ ತುಂಬಿವೆ. ಕ್ಯಾಸೆಟ್‌ಗಳಲ್ಲಿ ಹಲವು, ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ನಡೆದ ಕಛೇರಿ, ತಾಳಮದ್ದಳೆಗಳನ್ನು ತಂದೆಯವರೇ ರೆಕಾರ್ಡ್ ಮಾಡಿಕೊಂಡಂಥವು. 2005ರ ಮಳೆಯಲ್ಲಿ ನೀರು ನಮ್ಮ ಹೊಸ್ತಿಲ ತನಕ ಬಂದಿತ್ತು. ಈ ಸಂಗ್ರಹಕ್ಕೆ ವಿಮೆ ಮಾಡಿಸಬಹುದೇ? ಸೊಸೈಟಿಯವರು ಕಟ್ಟಡಕ್ಕೆ ಮಾಡಿಸಿರುವ ವಿಮೆ ಸಾಲುವುದಿಲ್ಲವೇ?
– ಓದುಗರು, ಮಾಟುಂಗ

ಉತ್ತರ: ಮಾಡಿಸಬಹುದು, ನಿಮ್ಮಂಥ ಮನೆಯವರು ಮಾಡಿಸಲೇಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಕಂಡ ಊರಿನಲ್ಲಿ, ನೀರು ಹೊಸ್ತಿಲು ದಾಟುವುದಿಲ್ಲ ಎಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಆದರೆ ವಿಮೆಯಿಂದ ಬರುವುದು ಹಣ. ಹಣ ಕೊಟ್ಟರೆ ಮತ್ತೆ ಸಿಗುವ ಸಿ.ಡಿ.ಗಳಿಗೂ ಪ್ಲೇಯರ್, ಸ್ಪೀಕರ್‌ಗಳಿಗೂ ಅದು ಸರಿಯಾದ ಪರಿಹಾರ. ತಂದೆಯವರು ರೆಕಾರ್ಡ್ ಮಾಡಿದ ಕ್ಯಾಸೆಟ್ ಮಾತ್ರ ಕಂಪನಿಯ ಲೆಕ್ಕದಲ್ಲಿ ಒಂದು ಖಾಲಿ ಕ್ಯಾಸೆಟ್ಟಿನ ಬೆಲೆಯದ್ದು. ಆದ್ದರಿಂದ ಕೊಂಡದ್ದು ಯಾವುದು, ಮನೆಯಲ್ಲೇ ಮುದ್ರಿಸಿಕೊಂಡದ್ದು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಮೊದಲನೆಯದಕ್ಕೆ ವಿಮೆ, ಎರಡನೆಯದಕ್ಕೆ ಪ್ರತಿ ತೆಗೆದಿಡುವ ಕೆಲಸ; ಒಂದು ಇನ್ನೊಂದರ ಬದಲಿಗೆ ಆಗದು.

ಸೊಸೈಟಿಯ ಪಾಲಿಸಿ ಕಟ್ಟಡದ ಗೋಡೆ, ಚಾವಣಿ, ಲಿಫ್ಟ್, ಪಂಪ್ ಮುಂತಾದವುಗಳಿಗೆ ಸಂಬಂಧಿಸಿದ್ದು. ಮನೆಯೊಳಗಿನ ಸಾಮಾನು ಆಯಾ ಸದಸ್ಯರ ಹೊಣೆ. ಇದಕ್ಕಾಗಿ, ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಏಕರೂಪದಲ್ಲಿ ಮಾರುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ನೋಡಬಹುದು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ದೊಂಬಿ, ನೀರಿನ ಟಾಕಿ ಅಥವಾ ಪೈಪ್ ಒಡೆದು ನೀರು ನುಗ್ಗುವುದು ಇವೆಲ್ಲ ಅದರಲ್ಲಿ ಸೇರಿವೆ. ಮನೆಯ ಕಟ್ಟಡಕ್ಕೂ ಸಾಮಾನಿಗೂ ಒಟ್ಟಿಗೆ ಮಾಡಿಸಿದರೆ, ಕಟ್ಟಡದ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯ ತನಕ, ಸಾಮಾನ್ಯ ಗೃಹೋಪಯೋಗಿ ವಸ್ತುಗಳಿಗೆ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ವಿವರ ಕೊಟ್ಟು ಪಡೆಯಬೇಕು. ಬಾಡಿಗೆಗೆ ಇರುವವರು ಸಾಮಾನಿಗೆ ಮಾತ್ರವೂ ಮಾಡಿಸಬಹುದು.

ಪಾಲಿಸಿಯಲ್ಲಿ ಏನಿಲ್ಲ ಎಂಬುದನ್ನು ಸಂಗ್ರಹಕಾರರು ಇನ್ನೂ ಎಚ್ಚರದಿಂದ ಓದಬೇಕು. ಕಳ್ಳತನಕ್ಕೆ ಈ ಪಾಲಿಸಿಯಲ್ಲಿ ರಕ್ಷಣೆ ಇರುವುದು, ಬೆಂಕಿ, ನೆರೆಗಳಂಥ ಅವಘಡದ ಬೆನ್ನಲ್ಲೇ 7 ದಿನಗಳೊಳಗೆ ನಡೆದರೆ ಮಾತ್ರ. ಉಳಿದ ಸಂದರ್ಭಗಳಿಗೆ ಬರ್ಗ್ಲರಿ ವಿಮೆಯನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಉಡುಪಿ, ಕುಂದಾಪುರಗಳ ಕಡೆಗೆ ಹೋಗಿ ತಿಂಗಳುಗಟ್ಟಲೆ ಮನೆಗೆ ಬೀಗ ಹಾಕುವವರು, ಖಾಲಿ ಮನೆಯ ಬಗ್ಗೆ ಅದರಲ್ಲಿ ಯಾವ ಶರತ್ತಿದೆ ಎಂದು ಕೇಳಿ ತಿಳಿದೇ ಸಹಿ ಹಾಕಬೇಕು. ಮನೆಯಿಂದ ಹೊರಗೆ ಒಯ್ದ ವಸ್ತುವಿಗೆ ರಕ್ಷಣೆಯಿಲ್ಲ. ಹಾಗಾಗಿ ಸಂಘದ ಕಾರ್ಯಕ್ರಮಕ್ಕೆಂದು ಕೊಟ್ಟ ಎಲ್‌ಪಿ ಅಲ್ಲಿ ಒಡೆದರೆ ಕ್ಲೇಮು ಮಾಡಲಾಗದು. ಎಲ್ಲಿಟ್ಟಿದ್ದೇವೆಂದು ತಿಳಿಯದೆ ಕಾಣೆಯಾದದ್ದಕ್ಕೂ ಹಣ ಬಾರದು. ಶಾರ್ಟ್ ಸರ್ಕ್ಯೂಟಿನಿಂದಲೋ ವೋಲ್ಟೇಜ್ ಏರುಪೇರಿನಿಂದಲೋ ಆಂಪ್ಲಿಫೈಯರ್ ಸುಟ್ಟರೆ ಆ ಯಂತ್ರಕ್ಕೆ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ವಸ್ತುಗಳು ಸುಟ್ಟರೆ ಅವುಗಳಿಗೆ ಮಾತ್ರ ಇದೆ. ಹಸ್ತಪ್ರತಿ, ದಾಖಲೆಪತ್ರಗಳೂ, ಪಾಲಿಸಿಯಲ್ಲಿ ವಿಶೇಷವಾಗಿ ನಮೂದಿಸದ ಹೊರತು, ಹೊರಗೇ ಉಳಿಯುತ್ತವೆ. ತಂದೆಯವರು ಕಛೇರಿಗಳ ವಿವರ ಬರೆದಿಟ್ಟ ನೋಟುಪುಸ್ತಕಗಳಿದ್ದರೆ ಅವೂ ಈ ಗುಂಪಿಗೇ ಸೇರುತ್ತವೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78 ಆರ್‌ಪಿಎಂ ತಟ್ಟೆಗಳ ಮಾತು ಬೇರೆ. ಭಾರತದಲ್ಲಿ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆ ಕಾಲಕ್ಕೆ ಹತ್ತಿರದ ತಟ್ಟೆಗಳು ನಿಮ್ಮಲ್ಲಿದ್ದರೆ ಅವುಗಳನ್ನು ಸಾಮಾನ್ಯ ಗೃಹವಸ್ತುಗಳ ಜೊತೆ ಸೇರಿಸಿ ಬಿಡಬೇಡಿ. ಇದೇ ಪಾಲಿಸಿಯಲ್ಲಿ ಆಭರಣ, ಕಲಾಕೃತಿ, ಪುರಾತನ ವಸ್ತು ಮುಂತಾದವುಗಳಿಗೆ, ನೀವೂ ಕಂಪನಿಯೂ ಮೊದಲೇ ಒಪ್ಪಿಕೊಂಡ ಬೆಲೆಯ ಮೇಲೆ, ಐಚ್ಛಿಕ ರಕ್ಷಣೆಯಿದೆ. ಒಟ್ಟು ಮೊತ್ತ 5 ಲಕ್ಷ ರೂಪಾಯಿ, ಬಿಡಿ ವಸ್ತುವಿನ ಬೆಲೆ 1 ಲಕ್ಷ ರೂಪಾಯಿ ಮೀರದಿದ್ದರೆ ಮೌಲ್ಯಮಾಪಕರ ಪ್ರಮಾಣಪತ್ರವೂ ಬೇಕಿಲ್ಲ. ನಿಮ್ಮ ತಟ್ಟೆಗಳನ್ನು ಪುರಾತನ ವಸ್ತುಗಳೆಂದು ಕಂಪನಿ ಒಪ್ಪುತ್ತದೆಯೇ ಎಂಬುದನ್ನು ಏಜೆಂಟರ ಬಾಯಿಮಾತಿಗೆ ಬಿಡದೆ, ಪಟ್ಟಿಯ ಸಮೇತ ಪಾಲಿಸಿಯಲ್ಲೇ ಬರೆಯಿಸಿಕೊಳ್ಳಿ. ಕ್ಲೇಮಿನ ದಿನ, ಹಾನಿಯ ಅಂದಾಜು ಮಾಡಲು ಕಂಪನಿ ಕಳುಹಿಸುವ ಸರ್ವೇಯರ್ ಎದುರು ನಿಲ್ಲುವುದು ಬರೆದ ಮಾತೊಂದೇ.

ಇನ್ನು ಆ ಪಟ್ಟಿಯ ವಿಷಯ. ‘ಎಲ್‌ಪಿ ಇನ್ನೂರು’ ಎಂದು ಬರೆದರೆ ಸರ್ವೇಯರರಿಗೆ ಬೆಲೆ ಕಟ್ಟುವುದು ಸಾಧ್ಯವಾಗುವುದಿಲ್ಲ. ಪ್ರತಿ ತಟ್ಟೆಯ ನಡುವಣ ಕಾಗದದ ಮೇಲೆ ಕಂಪನಿಯ ಹೆಸರೂ ಸಂಖ್ಯೆಯೂ ಇರುತ್ತವೆ. ಆ ಕಾಗದದ ಸುತ್ತ ಹಾಡಿಲ್ಲದ ಹೊಳಪಿನ ಪಟ್ಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಇನ್ನೊಂದು ಸಣ್ಣ ಸಂಖ್ಯೆ ಕೆತ್ತಿರುವುದು ಕಾಣುತ್ತದೆ. ಎರಡನ್ನೂ ಬರೆದುಕೊಳ್ಳಿ. ಯಾವ ಮುದ್ರಣದ ತಟ್ಟೆ ಎಂಬುದು ಅವುಗಳಿಂದ ತಿಳಿಯುತ್ತದೆ, ಬೆಲೆ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುತ್ತದೆ. ಗೀರು, ಬಿರುಕು, ಕವರಿನ ಸ್ಥಿತಿಯನ್ನೂ ಒಂದೊಂದು ಮಾತಿನಲ್ಲಿ ನಮೂದಿಸಿ. ಕಪಾಟಿನ ಪ್ರತಿ ಸಾಲಿನ ಫೋಟೊ ತೆಗೆದು, ಸಿಕ್ಕಷ್ಟು ರಸೀದಿಗಳನ್ನು ಅದರ ಜೊತೆಗಿರಿಸಿ. ಈ ಪಟ್ಟಿಯ ಒಂದು ಪ್ರತಿ ಮನೆಯ ಹೊರಗೆ, ಮಗಳ ಮನೆಯಲ್ಲೋ ಇಮೇಲಿನಲ್ಲೋ ಇರಲಿ. ಸಂಗ್ರಹ ಮುಳುಗಿದ ನೀರಿನಲ್ಲೇ ಪಟ್ಟಿಯೂ ಮುಳುಗಿದರೆ ಮಾಡಿದ ಶ್ರಮ ವ್ಯರ್ಥ.

ಇಡುವ ಜಾಗದ ಬಗ್ಗೆ ಇಷ್ಟು ಹೇಳಬಹುದು: ಗ್ರೌಂಡ್ ಫ್ಲೋರಿನಲ್ಲಿ ಕೆಳಗಿನ ಎರಡು ಸಾಲುಗಳಲ್ಲಿ ಮತ್ತೆ ಕೊಳ್ಳಬಹುದಾದ ವಸ್ತುಗಳೇ ಇರಲಿ. ಮಳೆಗೆ ಮೈಯೊಡ್ಡುವ ಹೊರಗೋಡೆಗೂ, ಮೇಲಿನ ಮನೆಯ ಬಚ್ಚಲಿನ ಕೆಳಭಾಗಕ್ಕೂ ಕಪಾಟನ್ನು ತಾಗಿಸಬೇಡಿ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು. ನೂರು ಎಲ್‌ಪಿಗಳು ಕವರಿನ ಸಮೇತ 20 ಕಿಲೊಗಿಂತ ಹೆಚ್ಚು ತೂಗುವುದರಿಂದ ಹಲಗೆ ಗಟ್ಟಿಯಾಗಿರಬೇಕು.

ಪ್ರಶ್ನೆ: ನಮ್ಮ ಎಲ್ಲ ಕ್ಯಾಸೆಟ್, ವಿಡಿಯೊಗಳನ್ನು ಎರಡು ಹಾರ್ಡ್ ಡಿಸ್ಕ್ ಇರುವ ಪೆಟ್ಟಿಗೆಗೆ ಹಾಕಿದ್ದೇನೆ. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ಮಾಡುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ. ಇಷ್ಟು ಸಾಕೇ? ಮೂಲ ಕ್ಯಾಸೆಟ್‌ಗಳನ್ನು ಎಸೆಯಬಹುದೇ? ಡಿಸ್ಕಿನಲ್ಲಿರುವ ಹಾಡುಗಳಿಗೂ ವಿಮೆ ಸಿಗುತ್ತದೆಯೇ?
– ಓದುಗರು, ಡೊಂಬಿವಲಿ

ಉತ್ತರ: ಸಾಲದು. ಒಂದು ಡಿಸ್ಕ್ ಕೆಟ್ಟಾಗ ಆ ಪೆಟ್ಟಿಗೆ ನಿಮ್ಮನ್ನು ಕಾಪಾಡುತ್ತದೆ, ನಿಜ. ಆದರೆ ನೀವು ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸಿಹೋಗುತ್ತದೆ. ವೈರಸ್ ತಗಲಿದರೆ ಎರಡಕ್ಕೂ ತಗಲುತ್ತದೆ. ಪೆಟ್ಟಿಗೆಯನ್ನೇ ಕದ್ದೊಯ್ದರೆ ಎರಡೂ ಹೋದಂತೆ. ಇದನ್ನು ಬಲ್ಲವರು ಅನುಸರಿಸುವ ಕ್ರಮ ಮೂರು–ಎರಡು–ಒಂದು ಎಂಬುದು: ಒಟ್ಟು ಮೂರು ಪ್ರತಿಗಳು, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಮನೆಯಿಂದ ಹೊರಗೆ. ಹೊರಗಿನ ಪ್ರತಿಗೆ ಪಕ್ಕದ ಕಟ್ಟಡದವರ ಮನೆ ಸೂಕ್ತವಲ್ಲ. ಒಂದೇ ಮಳೆ ಎರಡು ಮನೆಗಳಿಗೂ ಬರುತ್ತದೆ. ಊರಿನ ಮನೆಗೆ ಹೋಗುವಾಗ ಒಂದು ಡಿಸ್ಕನ್ನು ಒಯ್ದಿಟ್ಟು, ಮುಂದಿನ ಸಲ ಹೊಸ ಪ್ರತಿಯನ್ನು ಕೊಟ್ಟು ಹಳೆಯದನ್ನು ತಂದು ಪರೀಕ್ಷಿಸುವುದು ಮುಂಬಯಿಯ ನಮ್ಮವರಿಗೆ ಅತ್ಯಂತ ಸುಲಭ. ಡಿಸ್ಕನ್ನು ಕಪಾಟಿನಲ್ಲಿಟ್ಟು ಮರೆಯುವಂತಿಲ್ಲ. ಆಗಾಗ ಹಚ್ಚಿ ನೋಡಿ, ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು.

ಧ್ವನಿಯನ್ನು ಎಂಪಿ3ಗೆ ಕುಗ್ಗಿಸಿ ಇಟ್ಟಿದ್ದರೆ, ಮೂಲ ಇನ್ನೂ ಆಡುವ ಸ್ಥಿತಿಯಲ್ಲಿರುವಾಗಲೇ ಮತ್ತೊಮ್ಮೆ ಪೂರ್ಣ ಗುಣಮಟ್ಟದಲ್ಲಿ ತೆಗೆಯುವುದು ಒಳ್ಳೆಯದು. 48 ಕಿಲೊಹರ್ಟ್ಜ್, 24 ಬಿಟ್‌ನಲ್ಲಿ ತೆಗೆದರೆ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಗಂಟೆಯ ಅವಧಿಯ ನಾನೂರು ಕ್ಯಾಸೆಟ್‌ಗಳು 1 ಟಿಬಿಯ ಒಂದೇ ಡಿಸ್ಕಿನ ಅರ್ಧವನ್ನೂ ತುಂಬುವುದಿಲ್ಲ. ಫ್ಲ್ಯಾಕ್ ಎಂಬ ಕಡತದ ರೂಪದಲ್ಲಿಟ್ಟರೆ ಗುಣ ಕೆಡದೆ ಇನ್ನೂ ಕಡಿಮೆ ಜಾಗ ಸಾಕು. ಪ್ರತಿ ತೆಗೆಯಲು ಕೂರುವ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಲು ಹೋದರೂ ಅದು ಕೆಳಗಿಳಿಯುವುದಿಲ್ಲ. ಪ್ರತಿ ಕಡತಕ್ಕೆ ದಿನಾಂಕ, ಸ್ಥಳ, ಕಲಾವಿದರ ಹೆಸರನ್ನು ಸೇರಿಸಿ. ಹೆಸರಿಲ್ಲದ ಕಡತದಲ್ಲಿ ಹಾಡಿದವರು ಯಾರೆಂದು ಹೇಳಬಲ್ಲವರು ಮುಂದಿನ ತಲೆಮಾರಿಗೆ ಇರುವುದಿಲ್ಲ.

ಮೂಲಗಳನ್ನು ದಯವಿಟ್ಟು ಎಸೆಯಬೇಡಿ. ಪ್ರತಿ ಕೆಟ್ಟರೆ ಹಿಂದಿರುಗಿ ಹೋಗುವ ಜಾಗ ಅದೊಂದೇ, ಮುಂದೆ ಇನ್ನೂ ಉತ್ತಮ ಯಂತ್ರದಿಂದ ತೆಗೆಯುವ ಅವಕಾಶವೂ ಅದರಿಂದಲೇ. ವಿಡಿಯೊ ಕ್ಯಾಸೆಟ್‌ಗಳಿದ್ದರೆ ಅವುಗಳಿಗೆ ಮೊದಲ ಸರದಿ ಕೊಡಿ: ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿದೆ; ಇರುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕೆಡುತ್ತಿವೆ.

ವಿಮೆಯ ಮಟ್ಟಿಗೆ, ಗೃಹವಿಮೆ ಡಿಸ್ಕ್ ಎಂಬ ವಸ್ತುವಿಗೆ ಆದ ಹಾನಿಯನ್ನು ತುಂಬಿಕೊಡುತ್ತದೆ, ಅದರೊಳಗಿನ ಹಾಡನ್ನಲ್ಲ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಅದನ್ನು ಎಲ್ಲರಿಗೂ ಹಂಚುವುದು ಬೇರೆ ವಿಷಯ.

ಪ್ರಶ್ನೆ: ಜೂನ್ ತಿಂಗಳ ಗಾಳಿಮಳೆಗೆ ನಮ್ಮ ಮನೆಯ ಹಂಚು ಹಾರಿ, ಕಪಾಟಿನೊಳಗೆ ನೀರು ಇಳಿದಿದೆ. ಕ್ಯಾಸೆಟ್‌ಗಳು, ಎಲ್‌ಪಿಗಳು, ಒಂದು ಹಾರ್ಡ್ ಡಿಸ್ಕ್ ಒದ್ದೆಯಾಗಿವೆ. ಗೃಹವಿಮೆ ಇದೆ. ಮೊದಲು ಏನು ಮಾಡಬೇಕು?
– ಓದುಗರು, ವಾಸ್ಕೊ, ಗೋವಾ

ಉತ್ತರ: ಏನನ್ನೂ ಯಂತ್ರಕ್ಕೆ ಹಾಕಬೇಡಿ. ಒದ್ದೆಯಾದ ಟೇಪನ್ನು ಓಡಿಸಿದರೆ ಅದು ಅಂಟಿಕೊಂಡು ಹರಿಯುತ್ತದೆ. ಒದ್ದೆ ಡಿಸ್ಕಿಗೆ ವಿದ್ಯುತ್ ಕೊಟ್ಟರೆ ಉಳಿದಿರಬಹುದಾದದ್ದೂ ಹೋಗುತ್ತದೆ. ಇದ್ದ ಸ್ಥಿತಿಯಲ್ಲೇ ಕಪಾಟು, ಚಾವಣಿ, ವಸ್ತುಗಳ ಫೋಟೊ ತೆಗೆದು, ಅಂದೇ ಕಂಪನಿಗೆ ತಿಳಿಸಿ. ಕ್ಲೇಮಿನ ಅರ್ಜಿಯನ್ನು 30 ದಿನಗಳೊಳಗೆ ಸಲ್ಲಿಸಬೇಕು. ಹಾಳಾದ ವಸ್ತುಗಳನ್ನು ಸರ್ವೇಯರ್ ನೋಡುವ ತನಕ ಎಸೆಯಬಾರದು, ಆದರೆ ಒಣಗಿಸುವ ಕೆಲಸವನ್ನು ಅವರಿಗಾಗಿ ನಿಲ್ಲಿಸಬೇಕಾಗಿಲ್ಲ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಮಾಡಿಸಿದವರ ಕರ್ತವ್ಯವೂ ಹೌದು.

ಎಲ್‌ಪಿಗಳನ್ನು ಕೂಡಲೇ ಕವರಿನಿಂದ ಹೊರತೆಗೆಯಿರಿ, ನಡುವಣ ಕಾಗದಕ್ಕೆ ನೀರು ತಾಗದಂತೆ ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಒಣಗಿಸಿ. 78 ಆರ್‌ಪಿಎಂ ತಟ್ಟೆಗಳಿಗೆ ಸ್ಪಿರಿಟ್ ತಾಗಿಸಲೇಬಾರದು, ಅವುಗಳಲ್ಲಿರುವ ಅರಗು ಅದರಲ್ಲಿ ಕರಗುತ್ತದೆ. ಕೆಸರುನೀರು ಹೊಕ್ಕ ಕ್ಯಾಸೆಟ್ಟನ್ನೂ ಡಿಸ್ಟಿಲ್ಡ್ ವಾಟರಿನಲ್ಲೇ ಜಾಲಿಸಿ, ಫ್ಯಾನಿನ ಗಾಳಿಗೆ ಇಡಿ; ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ, ಒಣಗಿದ ಮೇಲೆ ಬಿಚ್ಚಿ, ಟೇಪಿನ ಸುರುಳಿಯನ್ನು ಹೊಸ ಕವಚಕ್ಕೆ ಬದಲಾಯಿಸಿ, ಒಮ್ಮೆ ಓಡಿಸುವಾಗಲೇ ಪ್ರತಿ ತೆಗೆದುಕೊಳ್ಳಿ. ಅಷ್ಟರಲ್ಲಿ ಬಿಳಿ ಬೂಷ್ಟು ಕಾಣಿಸಿದ್ದರೆ ಅದನ್ನು ಬೇರೆ ಪೆಟ್ಟಿಗೆಯಲ್ಲಿರಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡೇ ಮುಟ್ಟಿ. ಪ್ಲೇಯರಿಗೆ ಹಾಕಿದರೆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಹಾರ್ಡ್ ಡಿಸ್ಕನ್ನು ತೆರೆಯದೆ ಡೇಟಾ ರಿಕವರಿ ಮಾಡುವವರಿಗೆ ಒಪ್ಪಿಸಿ.

ಬಿರುಗಾಳಿಗೆ ಹಂಚು ಹಾರಿ ನೀರು ನುಗ್ಗಿದ್ದು ಪಾಲಿಸಿಯ ವ್ಯಾಪ್ತಿಗೆ ಬರುವ ಅವಘಡ. ಮೊದಲಿನಿಂದಲೂ ಸೋರುತ್ತಿದ್ದ ಚಾವಣಿಯೆಂದು ಕಂಪನಿ ವಾದಿಸಬಹುದಾದ್ದರಿಂದ, ಹಾರಿಬಿದ್ದ ಹಂಚುಗಳ ಚಿತ್ರ, ಆ ದಿನದ ಪತ್ರಿಕೆಯ ಹವಾಮಾನ ವರದಿ, ಹಂಚು ಹೊದಿಸಿದವರ ರಸೀದಿ ಇವುಗಳನ್ನು ಅರ್ಜಿಗೆ ಲಗತ್ತಿಸಿ. ಕ್ಲೇಮು ತಿರಸ್ಕೃತವಾದರೆ ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ರಲ್ಲಿಗೆ ಹೋಗಬಹುದು; ಗೋವೆಯವರಿಗೆ ಪುಣೆಯ ಕಚೇರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.